ತಪ್ಪಿದ ದಿನದ ಮಾರನೇ ಬೆಳಿಗ್ಗೆ: ಶಿಸ್ತಿನ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನನಗೀಗ 63 ವರ್ಷ. ಊರು ಮೈಸೂರು. 1984ರಲ್ಲಿ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದೆ, 2022ರಲ್ಲಿ ನಿವೃತ್ತಿಯಾಯಿತು. ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತೇನೆ. ಸಂಜೆ ವೀಣೆ ಹಿಡಿದು ಕೂರುತ್ತೇನೆ. ಯಾರ ಸಾಲವನ್ನೂ ತೀರಿಸಬೇಕಾಗಿಲ್ಲ. ಇದನ್ನೆಲ್ಲ ನೋಡಿ ಜೊತೆಗೆ ನಡೆಯುವವರು, ಹಳೆಯ ಸಹೋದ್ಯೋಗಿಗಳು, ಅಣ್ಣನ ಮಕ್ಕಳು, ಸೊಸೆಯ ಗೆಳತಿಯರು ಕೇಳುತ್ತಿರುತ್ತಾರೆ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ನಡೆಯುತ್ತಾ ನಡೆಯುತ್ತಾ ಅರ್ಧ ಉತ್ತರವಷ್ಟೇ ಹೇಳಲು ಆಗುತ್ತದೆ. ಉಳಿದರ್ಧ ಸೇರಿಸಿ ಇಲ್ಲಿ ಬರೆದಿದ್ದೇನೆ.

ನೀವು ಮೊದಲಿಂದಲೂ ಇಷ್ಟು ಶಿಸ್ತಿನವರಾ?

ಅಲ್ಲ. ಆಫೀಸಿನಲ್ಲಿ ಶಿಸ್ತು ಇತ್ತು, ಮನೆಯಲ್ಲಿ ಇರಲಿಲ್ಲ. ಇಪ್ಪತ್ತೈದು ವರ್ಷ ಹೀಗೇ ಕಳೆದೆ.

ನಾನು ಸೇರಿದಾಗ ನಮ್ಮ ಶಾಖೆಗೆ ಕಂಪ್ಯೂಟರ್ ಬಂದಿರಲಿಲ್ಲ. ದಪ್ಪ ದಪ್ಪ ಲೆಡ್ಜರ್‌ಗಳು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಕೈಯಲ್ಲಿರುವ ಹಣಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆ ಆಗಬೇಕು. ಆಗದೆ ಮನೆಗೆ ಹೋಗುವ ಹಾಗಿಲ್ಲ. ಹತ್ತು ರೂಪಾಯಿ ವ್ಯತ್ಯಾಸ ಇದ್ದರೂ ಹುಡುಕಬೇಕು. ಅಲ್ಲಿನ ಹಿರಿಯರೊಬ್ಬರು ಮೊದಲ ವಾರವೇ ಒಂದು ಉಪಾಯ ಹೇಳಿಕೊಟ್ಟರು. ವ್ಯತ್ಯಾಸದ ಮೊತ್ತವನ್ನು 9ರಿಂದ ಭಾಗಿಸಿ ನೋಡು. ಶೇಷ ಉಳಿಯದಿದ್ದರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿರುವ ಸಾಧ್ಯತೆ ಜಾಸ್ತಿ. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 81 ಬರೆಯುವ ಕಡೆ 18 ಬರೆದರೆ 63. ಹೀಗೆ ಹುಡುಕಿದರೆ ಹೆಚ್ಚಿನ ದಿನ ಹತ್ತು ನಿಮಿಷದಲ್ಲಿ ತಪ್ಪು ಸಿಗುತ್ತಿತ್ತು.

ಆದರೆ ಆ ಸಂಜೆಯೇ ಹುಡುಕಬೇಕು. ಮಾರನೇ ದಿನಕ್ಕೆ ಬಿಟ್ಟರೆ ಅದರ ಮೇಲೆ ಇನ್ನೊಂದು ದಿನದ ಲೆಕ್ಕ ಬಂದು ಕೂರುತ್ತದೆ. ಈ ಪಾಠ ಕಣ್ಣೆದುರಿಗೇ ಇತ್ತು. ಅದನ್ನು ನನ್ನ ದೇಹಕ್ಕೆ, ನನ್ನ ಮಾತಿಗೆ, ನನ್ನ ಮನೆಯ ಖರ್ಚಿಗೆ ಹಾಕಿ ನೋಡಬೇಕು ಅಂತ ಹೊಳೆಯಲು 47 ವರ್ಷ ಆಗಬೇಕಾಯಿತು.

21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರಲ್ಲ, ನಿಜವೇ?

ನಾನೂ ನಂಬಿದ್ದೆ. 22ನೇ ದಿನವೂ ಹಾಸಿಗೆ ಬಿಟ್ಟೇಳಲು ಅಷ್ಟೇ ಕಷ್ಟವಾದಾಗ ನನ್ನಲ್ಲೇ ಏನೋ ದೋಷ ಇದೆ ಅಂದುಕೊಂಡೆ. ಆಮೇಲೆ ಮನಶ್ಶಾಸ್ತ್ರ ಓದುತ್ತಿದ್ದ ಅಣ್ಣನ ಮಗಳು ಬಿಡಿಸಿ ಹೇಳಿದಳು. "ಅತ್ತೆ, ಆ ಸಂಖ್ಯೆ ಅಭ್ಯಾಸದ ಬಗ್ಗೆ ಸಂಶೋಧನೆ ಮಾಡಿ ಬಂದದ್ದಲ್ಲ" ಅಂದಳು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದದ್ದು ಬೇರೆ ವಿಷಯ. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕನಿಷ್ಠ" ಅನ್ನುವ ಪದ ಬಿದ್ದುಹೋಯಿತು.

ಅಭ್ಯಾಸವನ್ನೇ ನಿಜವಾಗಿ ಅಳೆದು ನೋಡಿದ್ದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು. ಅವರ ವರದಿ ಹೊರಬಂದದ್ದು 2009ರಲ್ಲಿ. 96 ಜನ ದಿನಕ್ಕೊಂದು ಸಣ್ಣ ಕೆಲಸ ಆರಿಸಿಕೊಂಡು ಮಾಡಿದರು. ಯೋಚನೆ ಇಲ್ಲದೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮ ತಡ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ತುಂಬ ಸಮಾಧಾನ ಕೊಟ್ಟಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳುವುದಿಲ್ಲ.

ಹಾಗಾದರೆ ಒಂದು ದಿನ ತಪ್ಪಿದರೆ ಏನು ಮಾಡಬೇಕು?

ನನ್ನ ಪ್ರಕಾರ ಇಡೀ ಶಿಸ್ತು ಇರುವುದು ಈ ಪ್ರಶ್ನೆಯಲ್ಲೇ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

2009ರಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ನನ್ನ ಎಚ್‌ಬಿಎ1ಸಿ 8.4 ಬಂತು. ನಾವು ಸಾಮಾನ್ಯವಾಗಿ "ಮೂರು ತಿಂಗಳ ಸಕ್ಕರೆ" ಅನ್ನುತ್ತೇವಲ್ಲ, ಅದು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಭಯವಾಯಿತು. ಮಾರನೇ ದಿನವೇ ಕೆರೆ ಏರಿಗೆ ಹೋದೆ. ಒಂದು ದಿನವೂ ಬಿಡದೆ ಐದು ತಿಂಗಳು ನಡೆದೆ. 7.1ಕ್ಕೆ ಇಳಿಯಿತು. ಮನೆಯವರೆಲ್ಲ ಹೊಗಳಿದರು.

ಆಮೇಲೆ ಅಣ್ಣನ ಮಗನ ಮದುವೆ ಬಂತು. ಹಾಸನದಲ್ಲಿ ನಾಲ್ಕು ದಿನ ಇದ್ದೆವು. ನಡಿಗೆ ಇಲ್ಲ, ಊಟದಲ್ಲಿ ಹಿಡಿತವೂ ಇಲ್ಲ. ವಾಪಸು ಬಂದ ಬೆಳಿಗ್ಗೆ ಮೈಕೈ ನೋವು. ಹೇಗೂ ಕೆಟ್ಟಿದೆ, ಸೋಮವಾರದಿಂದ ಶುರು ಮಾಡೋಣ ಅಂದುಕೊಂಡೆ. ಸೋಮವಾರ ಮಳೆ ಹುಯ್ಯಿತು. ಸರಿ, ಒಂದನೇ ತಾರೀಕಿನಿಂದ. ಒಂದನೇ ತಾರೀಕು ಬ್ಯಾಂಕಿನಲ್ಲಿ ಸಂಬಳದ ದಿನ, ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ದಸರಾ ಮುಗಿಯಲಿ ಅಂತ. ಹೀಗೆ ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾಯಿತು. ಸಕ್ಕರೆ 8.2.

ಡಾಕ್ಟರು ಬಯ್ಯಲಿಲ್ಲ. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟರು. "ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಷ್ಟು ದಿನವೂ ಅದಕ್ಕೆ ಸಕ್ಕರೆ ಅಂಟಿಕೊಳ್ಳುತ್ತಾ ಇರುತ್ತದೆ. ಈ ಪರೀಕ್ಷೆ ಅದನ್ನೇ ಅಳೆಯೋದು. ನಾಲ್ಕು ದಿನದ ಮದುವೆ ಊಟ ಇದರಲ್ಲಿ ಕಾಣೋದೇ ಇಲ್ಲಮ್ಮ. ಕಂಡಿರೋದು ಮದುವೆ ಆದಮೇಲಿನ ನಾಲ್ಕು ತಿಂಗಳು" ಅಂದರು.

ಮನೆಗೆ ಬರುತ್ತಾ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ನನ್ನನ್ನು ಕೆಡಿಸಿದ್ದು ತಪ್ಪಿದ ನಾಲ್ಕು ದಿನ ಅಲ್ಲ. ತಪ್ಪಿದ್ದಕ್ಕೆ ನನಗೆ ನಾನೇ ಕೊಟ್ಟುಕೊಂಡ ಕಾರಣಗಳು. ಎಲ್ಲ ಸರಿಯಾಗಿ ನಡೆಯುವ ಒಂದು ದಿನ ನೋಡಿ ಶುಭಾರಂಭ ಮಾಡಬೇಕು ಅನ್ನುವ ಆಸೆ. ಬ್ಯಾಂಕಿನಲ್ಲಿ ತಾಳೆ ಬರದ ಲೆಕ್ಕವನ್ನು "ದಸರಾ ಮುಗಿದ ಮೇಲೆ ನೋಡೋಣ" ಅಂತ ಯಾವತ್ತಾದರೂ ಬಿಟ್ಟಿದ್ದೆನಾ?

ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ. ತಪ್ಪಿದ ಮಾರನೇ ಬೆಳಿಗ್ಗೆ ಶೂ ಹಾಕಿಕೊಂಡು ಗೇಟು ದಾಟಬೇಕು. ಕೆರೆ ಸುತ್ತಬೇಕು ಅಂತ ಇಲ್ಲ. ಬೀದಿಯ ಕೊನೆಯವರೆಗೆ ಹೋಗಿ ಬಂದರೂ ಸರಿ. ನೆಗಡಿ ಇದ್ದರೆ ಹತ್ತು ನಿಮಿಷ. ಊರಿನಲ್ಲಿ ಇಲ್ಲದಿದ್ದರೆ ಆ ಊರಿನ ಬೀದಿ. ಮಳೆ ಬಂದರೆ ಮನೆಯ ಪಡಸಾಲೆ. ಇನ್ನೊಂದು ವಿಷಯ. ನಿನ್ನೆಯದ್ದು ಸೇರಿಸಿ ಎರಡರಷ್ಟು ನಡೆಯಲು ಹೋಗಬೇಡಿ. ಅದು ಬಾಕಿ ತೀರಿಸಿದ ಹಾಗೆ ಅಲ್ಲ, ದಂಡ ಕಟ್ಟಿದ ಹಾಗೆ. ದಂಡ ಕಟ್ಟಬೇಕು ಅಂದರೆ ಯಾರಿಗೆ ಹೋಗಲು ಮನಸ್ಸು ಬರುತ್ತದೆ?

ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ, ನಡೆದ ದಿನ ಪೆನ್ನಿನಿಂದ ಒಂದು ಚುಕ್ಕಿ ಇಡುತ್ತೇನೆ. ತಿಂಗಳಿಗೆ ಎಷ್ಟು ಚುಕ್ಕಿ ಅಂತ ನಾನು ಎಣಿಸುವುದಿಲ್ಲ. ಒಂದರ ಪಕ್ಕ ಒಂದು ಎರಡು ಖಾಲಿ ಮನೆ ಬಂದಿದೆಯಾ ಅಂತ ಮಾತ್ರ ನೋಡುತ್ತೇನೆ.

ಬೆಳಿಗ್ಗೆ ನಾಲ್ಕೂವರೆಗೆ ಏಳಲೇಬೇಕೇ?

ಬೇಕಾಗಿಲ್ಲ. ರಾತ್ರಿ ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಎದ್ದರೆ ಅದು ನಿದ್ದೆಗೆಟ್ಟ ಹಾಗೆ ಅಷ್ಟೇ. ನಾನು ಹತ್ತಕ್ಕೆ ಮಲಗಿ ಐದೂವರೆಗೆ ಏಳುತ್ತೇನೆ. ನನ್ನ ಜೊತೆ ನಡೆಯುತ್ತಿದ್ದ ಒಬ್ಬರು ಈಗ ಸಂಜೆ ಆರಕ್ಕೆ ನಡೆಯುತ್ತಾರೆ, ನನಗಿಂತ ಗಟ್ಟಿಯಾಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಬಿರುಸಿನ ಚಟುವಟಿಕೆ. ಅದನ್ನು ಯಾವ ಗಂಟೆಗೆ ಮಾಡಬೇಕು ಅಂತ ಕಟ್ಟು ಹಾಕಿಲ್ಲ. ಅರವತ್ತರ ಆಸುಪಾಸಿನವರು ಇದರ ಜೊತೆ ಕೈಕಾಲಿನ ಸ್ನಾಯುಗಳಿಗೂ ವಾರಕ್ಕೆ ಎರಡು ದಿನವಾದರೂ ಕೆಲಸ ಕೊಡಿ. ನಡಿಗೆಯೊಂದೇ ಸಾಕು ಅಂತ ನಾನು ಬಹಳ ವರ್ಷ ತಪ್ಪು ತಿಳಿದಿದ್ದೆ.

ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಡೆಯಲು ಹೊರಡುವಾಗ, ದಾರಿಯಲ್ಲಿ ಸಕ್ಕರೆ ತೀರಾ ಇಳಿದುಬಿಟ್ಟರೆ ಬೇಕಾಗುತ್ತದೆ ಅಂತ, ಜೊತೆಯಲ್ಲಿ ನಾಲ್ಕು ಪೆಪ್ಪರ್‌ಮಿಂಟ್ ಇಟ್ಟುಕೊಳ್ಳಿ. ದಯವಿಟ್ಟು.

ನನಗೆ ಮನಸ್ಸು ಗಟ್ಟಿ ಇಲ್ಲ. ತಿಂಡಿ ಕಂಡರೆ ಕೈ ಹೋಗುತ್ತೆ. ಏನು ಮಾಡಲಿ?

ನನಗೂ ಗಟ್ಟಿ ಇಲ್ಲ. ನಾನು ಮನಸ್ಸನ್ನು ನಂಬುವುದನ್ನು ಬಿಟ್ಟು ಡಬ್ಬಿಯ ಜಾಗ ಬದಲಾಯಿಸಿದೆ.

ಕೋಡುಬಳೆ, ಚಕ್ಕುಲಿ ಮೊದಲು ಊಟದ ಮೇಜಿನ ಮೇಲೇ ಇರುತ್ತಿದ್ದವು. ಈಗ ಅಟ್ಟದ ಮೇಲೆ ಸ್ಟೀಲ್ ಡಬ್ಬಿಯಲ್ಲಿವೆ. ತಿನ್ನಬೇಕಾದರೆ ಸ್ಟೂಲ್ ತರಬೇಕು. ಸ್ಟೂಲ್ ತರುವಷ್ಟರಲ್ಲಿ ನಿಜವಾಗಿ ಹಸಿವಾಗಿದೆಯಾ ಅಂತ ಗೊತ್ತಾಗಿಬಿಡುತ್ತದೆ. ಅನ್ನ ಬಿಡಲಿಲ್ಲ, ತಟ್ಟೆ ಚಿಕ್ಕದು ಮಾಡಿದೆ. ಮೊದಲು ಪಲ್ಯ, ಕೋಸಂಬರಿ ಬಡಿಸಿಕೊಳ್ಳುತ್ತೇನೆ, ಅನ್ನ ಆಮೇಲೆ. ಮೈಸೂರು ಪಾಕ್ ಹಬ್ಬಕ್ಕೆ ತರುತ್ತೇವೆ, ಮನೆಯಲ್ಲಿರುವ ತಲೆ ಎಣಿಸಿ ಅಷ್ಟೇ ತುಂಡು. ಕಾಲು ಕೆಜಿ ಅಂತ ತಂದರೆ ಮಿಕ್ಕಿದ್ದು ನನ್ನ ಹೊಟ್ಟೆಗೇ ಹೋಗುತ್ತದೆ.

ಮನೋಬಲ ಅನ್ನುವುದು ಸ್ನಾಯು ಇದ್ದ ಹಾಗೆ, ಬಳಸುತ್ತಾ ಹೋದರೆ ದಣಿಯುತ್ತದೆ ಅನ್ನುವ ಮಾತನ್ನು ನೀವು ಕೇಳಿರಬಹುದು. 1998ರ ಒಂದು ಪ್ರಯೋಗದಿಂದ ಅದು ಜನಪ್ರಿಯವಾಯಿತು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ 2000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಅಂಥ ದಣಿವು ಹೆಚ್ಚುಕಡಿಮೆ ಕಾಣಲೇ ಇಲ್ಲ. ಪಂಡಿತರಲ್ಲೇ ಇದು ಇತ್ಯರ್ಥ ಆಗಿಲ್ಲ ಅಂದಮೇಲೆ "ನನಗೆ ಮನೋಬಲ ಕಡಿಮೆ" ಅಂತ ನೀವು ನಿಮ್ಮ ಮೇಲೆ ತೀರ್ಪು ಕೊಟ್ಟುಕೊಳ್ಳಬೇಡಿ. ಡಬ್ಬಿ ಎತ್ತಿಡಿ.

ಮೊಬೈಲ್?

ಅದೇ ಉತ್ತರ. ರಾತ್ರಿ ಒಂಬತ್ತೂವರೆಗೆ ಅಡುಗೆಮನೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಿ ಬರುತ್ತೇನೆ. ಮಲಗುವ ಕೋಣೆಯಲ್ಲಿ ಅಲಾರಂ ಗಡಿಯಾರ ಇದೆ. ಮಗ ಬೆಂಗಳೂರಿನಲ್ಲಿದ್ದಾನೆ, ರಾತ್ರಿ ಅವನ ಫೋನು ಬಂದರೆ ಕೇಳಿಸಲಿ ಅಂತ ರಿಂಗ್ ಜೋರಾಗಿಟ್ಟಿರುತ್ತೇನೆ.

ಹಣದ ಶಿಸ್ತು ಎಲ್ಲಿಂದ ಶುರು ಮಾಡೋದು?

ಮೂವತ್ತೆಂಟು ವರ್ಷ ಕೌಂಟರಿನ ಈಚೆ ಕೂತು ಒಂದು ವಿಷಯ ನೋಡಿದ್ದೇನೆ. ಖರ್ಚು ಮಾಡಿ ಉಳಿದದ್ದನ್ನು ಕೂಡಿಡುತ್ತೇನೆ ಅಂದವರ ಖಾತೆಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುತ್ತಿರಲಿಲ್ಲ. ದೊಡ್ಡ ಸಂಬಳದವರದ್ದೂ ಇದೇ ಕತೆ. ಮನೆಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಂಗಸು ಸಂಬಳ ಸಿಕ್ಕ ದಿನವೇ ಬಂದು ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕಟ್ಟಿ ಹೋಗುತ್ತಿದ್ದಳು. ಮೊದಲು 100 ರೂಪಾಯಿ, ಆಮೇಲೆ 300. ಮಗಳ ನರ್ಸಿಂಗ್ ಓದಿಗೆ ಮೊದಲ ಕಂತು ಕಟ್ಟಿದ್ದು ಆ ದುಡ್ಡಿನಲ್ಲೇ. ಅವಳನ್ನು ನೋಡಿ ನಾನು ಸಂಬಳದ ದಿನವೇ ಹಣ ತೆಗೆದಿಡುವುದನ್ನು ಕಲಿತೆ.

ಲೆಕ್ಕ ಬೇಕಾದವರಿಗೆ ಇಲ್ಲಿದೆ. ವರ್ಷಕ್ಕೆ ಶೇ. 7 ಬಡ್ಡಿ, ತಿಂಗಳು ತಿಂಗಳು ಅಸಲಿಗೆ ಸೇರುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1000 ರೂಪಾಯಿಯಂತೆ 20 ವರ್ಷ ಕಟ್ಟಿದರೆ ನೀವು ಹಾಕಿದ್ದು 2.4 ಲಕ್ಷ, ಕೈಗೆ ಬರುವುದು ಸುಮಾರು 5.2 ಲಕ್ಷ. ಹತ್ತು ವರ್ಷ ತಡವಾಗಿ ಶುರು ಮಾಡಿ 10 ವರ್ಷ ಕಟ್ಟಿದರೆ ಹಾಕಿದ್ದು 1.2 ಲಕ್ಷ, ಬರುವುದು ಸುಮಾರು 1.73 ಲಕ್ಷ. ಸಮಯ ಅರ್ಧ ಆಯಿತು, ಹಣ ಮೂರರಲ್ಲಿ ಒಂದು ಪಾಲಾಯಿತು. ಇಪ್ಪತ್ತೈದರ ವಯಸ್ಸಿನವರು ಈ ಎರಡು ಸಾಲನ್ನು ಇನ್ನೊಂದು ಸಲ ಓದಿ.

ಕ್ರೆಡಿಟ್ ಕಾರ್ಡಿನಲ್ಲಿ "ಕನಿಷ್ಠ ಮೊತ್ತ" ಮಾತ್ರ ಕಟ್ಟುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ರಿಂದ 3.5ರವರೆಗೆ ಬಡ್ಡಿ ಇರುತ್ತದೆ. ವರ್ಷಕ್ಕೆ ಶೇ. 36ರಿಂದ 42 ಆಯಿತು. ನಮ್ಮಜ್ಜಿ ಕಾಲದ ಮೀಟರ್ ಬಡ್ಡಿಯವರಿಗೆ ಹೆದರುತ್ತಿದ್ದ ಹಾಗೆ ಇದಕ್ಕೂ ಹೆದರಬೇಕು.

ನೆಂಟರಿಗೆ, ಸ್ನೇಹಿತರಿಗೆ "ಆಗಲ್ಲ" ಅಂತ ಹೇಗೆ ಹೇಳೋದು? ಬೇಜಾರು ಮಾಡ್ಕೋತಾರೆ.

ಮಾಡಿಕೊಳ್ಳುತ್ತಾರೆ. ಆದರೂ ಹೇಳಬೇಕು.

1996ರಲ್ಲಿ ಹತ್ತಿರದ ನೆಂಟರೊಬ್ಬರ ಸಾಲಕ್ಕೆ ನಮ್ಮ ಯಜಮಾನರು ಜಾಮೀನು ಹಾಕಿದರು. ನಾನು ಬ್ಯಾಂಕಿನವಳು. 1872ರ ಕರಾರು ಕಾಯಿದೆಯ 128ನೇ ಸೆಕ್ಷನ್ ಏನು ಹೇಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಕರಾರು ಇಲ್ಲದಿದ್ದರೆ, ಸಾಲ ತೆಗೆದವರಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಅಷ್ಟೇ ಹೊಣೆ. ಕೌಂಟರಿನಲ್ಲಿ ಎಷ್ಟೋ ಜನರಿಗೆ ಇದನ್ನು ವಿವರಿಸಿ ಹೇಳಿದ್ದೇನೆ. ಅಂದು ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದವರ ಎದುರು ಬಾಯಿ ಬರಲಿಲ್ಲ. ಕಾಫಿ ಕೊಟ್ಟು ಒಳಗೆ ಹೋದೆ. ಎರಡು ವರ್ಷಕ್ಕೆ ಕಂತು ನಿಂತಿತು, ನೋಟಿಸ್ ನಮಗೆ ಬಂತು. ಮೂರು ವರ್ಷ ನಮ್ಮಿಬ್ಬರ ಸಂಬಳದಿಂದ ಕಟ್ಟಿದೆವು. ಆ ನೆಂಟಸ್ತಿಕೆಯೂ ಉಳಿಯಲಿಲ್ಲ.

ಈಗ ನಾನು ಹೇಳುವ ಮಾತು ಇಷ್ಟೇ: "ಜಾಮೀನು ಹಾಕೋದಿಲ್ಲ ಅಂತ ನಮ್ಮ ಮನೆಯಲ್ಲಿ ತೀರ್ಮಾನ ಮಾಡಿಕೊಂಡಿದ್ದೀವಿ. ತೀರಾ ಕಷ್ಟ ಇದ್ದರೆ ಇಷ್ಟು ಹಣ ಕೊಡಬಲ್ಲೆ, ವಾಪಸು ಬೇಡ." ಕೊಟ್ಟು ಮರೆಯಬಹುದಾದಷ್ಟು ಮೊತ್ತ ಮಾತ್ರ. ಕಾರಣಗಳನ್ನು ಜಾಸ್ತಿ ಹೇಳಲು ಹೋಗಬೇಡಿ. ನೀವು ಕೊಡುವ ಒಂದೊಂದು ಕಾರಣಕ್ಕೂ ಅವರ ಹತ್ತಿರ ಒಂದೊಂದು ಪರಿಹಾರ ಇರುತ್ತದೆ.

ಸಿಟ್ಟು ಹಿಡಿತಕ್ಕೆ ಬರೋದು ಹೇಗೆ?

ಪೂರ್ತಿ ಬಂದಿದೆ ಅಂತ ಹೇಳಲಾರೆ. ಆದರೆ ಒಂದು ಘಟನೆಯಿಂದ ದಾರಿ ಸಿಕ್ಕಿತು.

2003ರಲ್ಲಿ ಒಂದು ಸಂಜೆ ಲೆಕ್ಕದಲ್ಲಿ 720 ರೂಪಾಯಿ ವ್ಯತ್ಯಾಸ ಬಂತು. ಕ್ಯಾಶಿನಲ್ಲಿದ್ದದ್ದು ಹೊಸದಾಗಿ ಸೇರಿದ್ದ ಹುಡುಗ. ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ, ನನಗೆ ಬೇಗ ಹೊರಡಬೇಕಿತ್ತು. ಎಲ್ಲರೆದುರು ಅವನ ಮೇಲೆ ಕೂಗಾಡಿಬಿಟ್ಟೆ. "ಎಣಿಸೋಕೇ ಬರದಿದ್ದರೆ ಈ ಕೆಲಸಕ್ಕೆ ಯಾಕೆ ಬಂದೆ?" ಅಂದೆ. ಅವನು ಒಂದು ಮಾತೂ ಆಡದೆ ಮತ್ತೆ ಎಣಿಸತೊಡಗಿದ. ಆಮೇಲೆ ಒಂಬತ್ತರ ಉಪಾಯ ನೆನಪಾಯಿತು. 720 ಒಂಬತ್ತರಿಂದ ಭಾಗವಾಗುತ್ತದೆ. ಹುಡುಕಿದರೆ ನನ್ನದೇ ಕೈಬರಹ. 1080 ಅಂತ ಬರೆಯುವ ಕಡೆ ನಾನೇ 1800 ಬರೆದಿದ್ದೆ.

ಅವನನ್ನು ಪಕ್ಕಕ್ಕೆ ಕರೆದು "ಸಾರಿ ಕಣಪ್ಪ" ಅಂದೆ. "ಪರವಾಗಿಲ್ಲ ಮೇಡಂ" ಅಂದ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಬೈದದ್ದು ಹನ್ನೊಂದು ಜನರ ಎದುರು, ಕ್ಷಮೆ ಕೇಳಿದ್ದು ಮೂಲೆಯಲ್ಲಿ. ಲೆಕ್ಕ ತಾಳೆ ಆಗಲಿಲ್ಲವಲ್ಲ. ಮಾರನೇ ದಿನ ಬೆಳಿಗ್ಗೆ ಕೌಂಟರ್ ತೆರೆಯುವ ಮುಂಚೆ ಎಲ್ಲರೂ ಇರುವಾಗ ಎದ್ದು ನಿಂತು ಹೇಳಿದೆ. "ನಿನ್ನೆಯ ತಪ್ಪು ನನ್ನದು. ನಾನು ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು." ಕೈ ನಡುಗುತ್ತಿತ್ತು.

ಅದಾದ ಮೇಲೆ ಸಿಟ್ಟು ಬರುವುದೇನೂ ನಿಲ್ಲಲಿಲ್ಲ. ಆದರೆ ಎಷ್ಟು ಜನರ ಎದುರು ಬೈಯುತ್ತೇನೋ ಅಷ್ಟೂ ಜನರ ಎದುರು ಕ್ಷಮೆ ಕೇಳಬೇಕಾಗುತ್ತದೆ ಅನ್ನುವುದು ನಾಲಿಗೆಗೆ ನೆನಪಿರುತ್ತದೆ. ಮಕ್ಕಳ ವಿಷಯದಲ್ಲೂ ಹೀಗೇ. ತಂಗಿಯ ಎದುರು ಅಣ್ಣನನ್ನು ಬೈದಿದ್ದರೆ ಇಬ್ಬರನ್ನೂ ಕೂರಿಸಿಕೊಂಡು "ಅಮ್ಮನದು ತಪ್ಪಾಯ್ತು" ಅನ್ನಬೇಕು.

ನಿಮಗೆ ಸಮಯ ಇತ್ತು. ಮನೆ, ಮಕ್ಕಳು, ಕೆಲಸ ಎಲ್ಲ ನೋಡಿಕೊಳ್ಳುವ ನಮಗೆಲ್ಲಿದೆ?

ಈ ಪ್ರಶ್ನೆ ಕೇಳುವುದು ಯಾವಾಗಲೂ ಹೆಣ್ಣುಮಕ್ಕಳೇ. ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಬೇಕು.

ಎರಡು ಚಿಕ್ಕ ಮಕ್ಕಳು, ವಯಸ್ಸಾದ ಅತ್ತೆ ಮಾವ, ಬ್ಯಾಂಕಿನ ಕೆಲಸ ಇದ್ದ ದಿನಗಳಲ್ಲಿ ನಾನೂ ನನಗಾಗಿ ಏನೂ ಮಾಡಲಿಲ್ಲ. ಬೆಳಿಗ್ಗೆ ಐದಕ್ಕೆ ಶುರುವಾದರೆ ರಾತ್ರಿ ಹನ್ನೊಂದಕ್ಕೆ ಅಡುಗೆಕಟ್ಟೆ ಒರೆಸಿ ಮಲಗುವುದು. ಅದನ್ನು ಅಶಿಸ್ತು ಅಂತ ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ.

ಮಕ್ಕಳ ಮುಂದೆ ಮಿಠಾಯಿ ಇಟ್ಟು, ಸ್ವಲ್ಪ ಹೊತ್ತು ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅನ್ನುವ ಪ್ರಯೋಗದ ಬಗ್ಗೆ ಕೇಳಿದ್ದೀರಲ್ವಾ? ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಮಾಡಿದ್ದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದರು ಅಂತ ಲೋಕವೆಲ್ಲ ಹೇಳಿಕೊಂಡು ಬಂತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಬೇರೆ ಸಂಶೋಧಕರು ಮತ್ತೆ ನೋಡಿದರು. ಮನೆಯ ಪರಿಸ್ಥಿತಿ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ಬಹಳ ಸಣ್ಣದಾಗಿಬಿಟ್ಟಿತು. ಕಾಯುವ ಶಕ್ತಿ ಬರೀ ಮಗುವಿನೊಳಗೆ ಇರುವುದಲ್ಲ, ಅದು ಬೆಳೆಯುವ ಮನೆಯಲ್ಲೂ ಇರುತ್ತದೆ.

ನನ್ನ ನಡಿಗೆಯ ಕತೆಯೂ ಹಾಗೇ. ಸಕ್ಕರೆ ಕಾಯಿಲೆ ಗೊತ್ತಾದ ವಾರ ನಮ್ಮ ಯಜಮಾನರು "ಬೆಳಗಿನ ತಿಂಡಿ ಇನ್ನು ನನ್ನದು" ಅಂದರು. ಮೊದಮೊದಲು ಉಪ್ಪಿಟ್ಟು ಗಂಟಾಗುತ್ತಿತ್ತು. ಆಮೇಲೆ ಅವಲಕ್ಕಿ, ದೋಸೆ, ಅಕ್ಕಿರೊಟ್ಟಿ ಎಲ್ಲ ಕಲಿತರು. ಎಲ್ಲರೂ ನನ್ನ ಶಿಸ್ತನ್ನು ಹೊಗಳಿದರು. ದಿನಕ್ಕೆ ಆ ನಲವತ್ತು ನಿಮಿಷ ಕೊಟ್ಟದ್ದು ಅವರು. ಆದ್ದರಿಂದ ನಿಮಗೆ ನಾನು ಹೇಳುವುದು: ಸಮಯ ಹೊಂದಿಸಿಕೊಳ್ಳಿ ಅಂತ ಅಲ್ಲ, ಮನೆಯವರ ಹತ್ತಿರ ಕೆಲಸ ಹಂಚಿಕೊಳ್ಳುವ ಮಾತು ಎತ್ತಿ. ಕಾಯಿಲೆ ಬರುವ ತನಕ ಕಾಯಬೇಡಿ. ಇದನ್ನು ಓದುತ್ತಿರುವ ಗಂಡಸರೇ, ಮನೆಯ ಹೆಂಗಸರು ಕೇಳುವ ತನಕ ನೀವೂ ಕಾಯಬೇಡಿ.

ಐವತ್ತು ದಾಟಿದ ಮೇಲೆ ಹೊಸದು ಕಲಿಯೋಕೆ ಆಗುತ್ತಾ?

ನಾನು ವೀಣೆ ಹಿಡಿದಾಗ 56. ವೀಣೆ ಶೇಷಣ್ಣನವರ ಊರಿನಲ್ಲಿ ಹುಟ್ಟಿ ಬೆಳೆದು ಅಷ್ಟು ವರ್ಷ ಬರೀ ಕೇಳಿದ್ದಷ್ಟೇ. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು, ಮೆಟ್ಟಿಲು 24. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ, ಶುರುವಾಯಿತು. ನನ್ನ ಪಕ್ಕದಲ್ಲಿ ಕೂತ ಒಂಬತ್ತು ವರ್ಷದ ಹುಡುಗಿ ಮೂರು ತಿಂಗಳಲ್ಲಿ ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ನುಡಿಸಿದಳು. ನನಗೆ ಎರಡನೇ ಕಾಲಕ್ಕೆ ಬರಲು ಏಳು ತಿಂಗಳು ಬೇಕಾಯಿತು. ಎಡಗೈಯ ಬೆರಳ ತುದಿ ನೋಯುತ್ತದೆ, ಕೆಂಪಾಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ.

ಕಲಿಯೋದು ನಿಧಾನ, ಅದು ನಿಜ. ಆದರೆ ಚಿಕ್ಕಂದಿನಲ್ಲಿ ನನಗೆ ಇಲ್ಲದ ಒಂದು ಗುಣ ಈಗ ಬಂದಿದೆ. ಒಂದೇ ಸಾಲನ್ನು ನಲವತ್ತು ಸಲ ನುಡಿಸಿದರೂ ಬೇಸರ ಆಗುವುದಿಲ್ಲ. ಯಾರಿಗೋ ತೋರಿಸಬೇಕು ಅನ್ನುವ ಆತುರ ಇಲ್ಲ. ಪರೀಕ್ಷೆ ಕಟ್ಟಬೇಕಾಗಿಲ್ಲ. ವಯಸ್ಸು ಕೊಟ್ಟದ್ದರಲ್ಲಿ ನನಗೆ ಇದು ತುಂಬ ಇಷ್ಟ.

ನಿವೃತ್ತಿ ಆದಮೇಲೆ ದಿನ ಹೋಗುತ್ತಾ?

ಮೊದಲ ಮೂರು ತಿಂಗಳು ಹೋಗಲಿಲ್ಲ. ಹತ್ತು ಗಂಟೆಗೆ ತಿಂಡಿ, ಮೂರು ಗಂಟೆಗೆ ಊಟ. ಅದುವರೆಗೆ ನನ್ನ ಶಿಸ್ತಿನಲ್ಲಿ ಅರ್ಧ ಆಫೀಸಿನ ಗಡಿಯಾರದ್ದು ಅಂತ ಆಗ ಗೊತ್ತಾಯಿತು. ಬೇರೆಯವರು ಕಾಯುವ ಒಂದು ಕೆಲಸ ಹಚ್ಚಿಕೊಂಡೆ. ವಾರಕ್ಕೆ ಮೂರು ದಿನ ಮಧ್ಯಾಹ್ನ ಬೀದಿಯ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವರು ಸರಿಯಾಗಿ ನಾಲ್ಕಕ್ಕೆ ಗೇಟು ಬಡಿಯುತ್ತಾರೆ. ಒಂಬತ್ತರ ಉಪಾಯವನ್ನು ಅವರಿಗೂ ಕಲಿಸಿದ್ದೇನೆ.

ದುಃಖ ಬಂದಾಗಲೂ ಶಿಸ್ತು ಇಟ್ಟುಕೊಳ್ಳಬೇಕಾ?

2020ರಲ್ಲಿ ನಮ್ಮ ಯಜಮಾನರು ಹೋದರು. ನಡಿಗೆ ನಿಂತಿತು. ಕ್ಯಾಲೆಂಡರಿನಲ್ಲಿ ಖಾಲಿ ಮನೆಗಳು, ಒಂದರ ಪಕ್ಕ ಒಂದು, ಪುಟ ತಿರುವಿದರೂ ಖಾಲಿ. ಮಾರನೇ ದಿನದ ನಿಯಮ ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಅದು ಅಲ್ಲಿ ನಡೆಯಲಿಲ್ಲ. ಮಾತ್ರೆ ತಪ್ಪಿಸಲಿಲ್ಲ, ಅಷ್ಟೇ. ಅದೂ ಮಗಳು ದಿನಾ ಫೋನು ಮಾಡಿ "ಅಮ್ಮ, ತಗೊಂಡ್ಯಾ?" ಅಂತ ಕೇಳುತ್ತಿದ್ದದ್ದರಿಂದ.

ಆ ಹೊತ್ತಿನಲ್ಲಿ ಇರುವವರಿಗೆ ನಾನು ಶಿಸ್ತಿನ ಮಾತು ಹೇಳುವುದಿಲ್ಲ. ಔಷಧಿ, ಎರಡು ಹೊತ್ತು ಊಟ, ಒಂದು ಸ್ನಾನ. ಇಷ್ಟು ನಡೆದರೆ ಸಾಕು. ಇಷ್ಟೂ ನಡೆಯುತ್ತಿಲ್ಲ ಅಂದರೆ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಕೇಳಿ. ಒಬ್ಬರೇ ಎದ್ದು ನಿಲ್ಲಬೇಕು ಅಂತ ಏನೂ ಇಲ್ಲ.

ನಡಿಗೆ ಎರಡು ತಿಂಗಳಿಗೆ ಮತ್ತೆ ಶುರುವಾಯಿತು. ವೀಣೆಯನ್ನು ಹನ್ನೊಂದು ತಿಂಗಳು ಮುಟ್ಟಲಿಲ್ಲ. ಯಜಮಾನರು ಸಂಜೆ ಎದುರಿನ ಕುರ್ಚಿಯಲ್ಲಿ ಕೂತು ತಾಳ ಹಾಕುತ್ತಿದ್ದರು. ಒಂದು ದಿನ ನಮ್ಮ ವೀಣೆ ಟೀಚರ್ ಹೇಳದೆ ಕೇಳದೆ ಬಂದರು. ನುಡಿಸಿ ಅನ್ನಲಿಲ್ಲ. ಗವಸು ತೆಗೆದರು, ಧೂಳು ಒರೆಸಿದರು, ತುಕ್ಕು ಹಿಡಿದ ಒಂದು ತಂತಿ ಬದಲಾಯಿಸಿದರು, ಏಳೂ ತಂತಿಗಳನ್ನು ಶ್ರುತಿ ಮಾಡಿ ಮತ್ತೆ ಚಾಪೆಯ ಮೇಲೆ ಇಟ್ಟರು. ಕಾಫಿ ಕುಡಿದು ಹೊರಟರು. ಗೇಟಿನ ಹತ್ತಿರ ಮಾತ್ರ "ಗವಸು ಹಾಕಬೇಡಿ, ಹಾಗೇ ಇರಲಿ" ಅಂದರು.

ಮಾರನೇ ಬೆಳಿಗ್ಗೆ ಕಸ ಗುಡಿಸುವಾಗ ಸೆರಗು ತಾಗಿ ಒಂದು ತಂತಿ ಮಿಡಿಯಿತು. ಪೊರಕೆ ಪಕ್ಕಕ್ಕಿಟ್ಟು ಅಲ್ಲೇ ನೆಲದ ಮೇಲೆ ಕೂತೆ.